ತೆಳುತನದ ಬೆಲೆ: ಲ್ಯಾಪ್‌ಟಾಪ್ ರಚನೆಯ ಚರಿತ್ರೆಯಲ್ಲೊಂದು ವಿಚಾರ

ಯಂತ್ರವೊಂದರ ರೂಪವು ಕೇವಲ ಅಭಿರುಚಿಯ ಫಲವಲ್ಲ. ಒಂದು ಗುಣವನ್ನು ಪಡೆಯಲು ಮತ್ತೊಂದನ್ನು ಬಿಟ್ಟುಕೊಟ್ಟ ನಿರ್ಣಯಗಳ ದಾಖಲೆಯೂ ಹೌದು. ಲ್ಯಾಪ್‌ಟಾಪ್ ಈ ಮಾತಿಗೆ ಉತ್ತಮ ನಿದರ್ಶನ.

1981ರಲ್ಲಿ ಬಂದ ಆಸ್ಬೋರ್ನ್ 1 ಎಂಬ, ಒಯ್ಯಬಹುದಾದ ಗಣಕವು ಸುಮಾರು 11 ಕಿಲೋಗ್ರಾಂ ತೂಗುತ್ತಿತ್ತು. ಪರದೆಯಾದರೋ 5 ಅಂಗುಲದ್ದು. ಆದುದರಿಂದ ಹೊರೆಯನ್ನಿಳಿಸುವುದೇ ಮುಂದಿನ ರಚನಕಾರರ ಧ್ಯೇಯವಾದುದು ಸಹಜ. 2008ರಲ್ಲಿ ಆಪಲ್ ಸಂಸ್ಥೆಯ ಮ್ಯಾಕ್‌ಬುಕ್ ಏರ್ ಸುಮಾರು 1.36 ಕಿಲೋಗ್ರಾಂಗೆ ಇಳಿಯಿತು. ಆದರೆ ಅದರಲ್ಲಿ ಸಿ.ಡಿ. ಡ್ರೈವ್ ಇರಲಿಲ್ಲ, ಯು.ಎಸ್.ಬಿ. ಪೋರ್ಟ್ ಒಂದೇ ಇತ್ತು. ಮೆಮೊರಿಯನ್ನು ಮದರ್‌ಬೋರ್ಡಿಗೇ ಬೆಸೆದಿದ್ದುದರಿಂದ ಅದನ್ನು ಮುಂದೆ ಹೆಚ್ಚಿಸಿಕೊಳ್ಳುವಂತಿರಲಿಲ್ಲ.

ಈ ಗತಿಯು ಏಕಮುಖವಾಗಿ ಸಾಗಲಿಲ್ಲವೆಂಬುದು ಗಮನಾರ್ಹ. ಅದೇ ಸಂಸ್ಥೆಯು 2016ರ ಮ್ಯಾಕ್‌ಬುಕ್ ಪ್ರೊದಲ್ಲಿ ಕೈಬಿಟ್ಟ ಎಚ್‌ಡಿಎಂಐ ಪೋರ್ಟನ್ನೂ ಎಸ್.ಡಿ. ಕಾರ್ಡಿನ ಸ್ಥಾನವನ್ನೂ 2021ರಲ್ಲಿ ಮರಳಿ ಒದಗಿಸಿತು. ಅದೇ ವರ್ಷ ಫ್ರೇಮ್‌ವರ್ಕ್ ಎಂಬ ಅಮೆರಿಕದ ಸಂಸ್ಥೆಯು, ಬ್ಯಾಟರಿ, ಮೆಮೊರಿ ಮೊದಲಾದ ಭಾಗಗಳನ್ನು ಒಡೆಯನೇ ಬದಲಿಸಬಲ್ಲ ತೆಳುವಾದ ಲ್ಯಾಪ್‌ಟಾಪನ್ನು ಹೊರತಂದಿತು. ತೆಳುತನಕ್ಕೂ ದುರಸ್ತಿಗೂ ಇರುವ ವಿರೋಧವು ಅನಿವಾರ್ಯವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಿದ್ದರೂ ತೆಳುತನವೇ ಗೆಲ್ಲುತ್ತ ಬಂದುದೇಕೆ? ಹಗುರತನದ ಸುಖವು ಅಂಗಡಿಯಲ್ಲಿ ಕೈಗೆತ್ತಿಕೊಂಡೊಡನೆ ಅನುಭವಕ್ಕೆ ಬರುತ್ತದೆ. ಬೆಸೆದ ಮೆಮೊರಿಯ ಕಷ್ಟವಾದರೋ ವರ್ಷಗಳು ಕಳೆದ ಮೇಲೆ ತಿಳಿಯುತ್ತದೆ. ಪರಿಮಿತ ಹಣದಲ್ಲಿ ಬಹುಕಾಲದ ಉಪಯೋಗವನ್ನು ಬಯಸುವ ಅಧ್ಯಾಪಕರೂ ವಿದ್ಯಾರ್ಥಿಗಳೂ ತೂಕವೆಷ್ಟೆಂದು ಕೇಳುವುದರೊಡನೆ, ಯಾವ ಯಾವ ಭಾಗಗಳನ್ನು ಬದಲಿಸಬಹುದೆಂಬುದನ್ನೂ ವಿಚಾರಿಸಿಕೊಳ್ಳುವುದು ಯುಕ್ತ.