ಸಿಂಗಪುರದ ಚುನಾವಣೆ: ನಾವೇಕೆ ಬಾಯಿ ಬಿಡುವುದಿಲ್ಲ?

ಸಿಂಗಪುರದಲ್ಲಿ ಚುನಾವಣೆ ಬಂತೆಂದರೆ ಊರಿನ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ನಮಗೊಂದು ಪ್ರಶ್ನೆ ಕಾದಿರುತ್ತದೆ: ‘ಈ ಸಲ ನೀವು ಯಾರ ಕಡೆ?’ ವರ್ಕ್ ಪಾಸ್ ಮೇಲೆ ಇಲ್ಲಿರುವ ನಾವು ಉತ್ತರಿಸದೆ ಸುಮ್ಮನಿರುತ್ತೇವೆ. ಪೌರತ್ವ ಇಲ್ಲದವರು ಇಲ್ಲಿ ಪ್ರಚಾರ ಮಾಡುವಂತಿಲ್ಲ, ಫೇಸ್‌ಬುಕ್‌ನಲ್ಲೂ ಮಾಡುವಂತಿಲ್ಲ. ಇಷ್ಟು ಬಿಗಿ ಯಾಕೆ ಎಂದರೆ ಹಳೆಯ ಕಥೆ ಹೇಳಬೇಕು.

1960ರ ಸುಮಾರಿಗೆ, ಬ್ರಿಟಿಷರು ಪೂರ್ತಿ ಹೋಗುವ ಮೊದಲೇ, ಅಮೆರಿಕದ ಸಿಐಎ ಇಲ್ಲಿನ ಗುಪ್ತಚರ ಅಧಿಕಾರಿಯೊಬ್ಬರನ್ನು ಹಣ ಕೊಟ್ಟು ಕೊಳ್ಳಲು ಹೋಗಿ ಸಿಕ್ಕಿಬಿತ್ತು. ವಿಷಯ ಮುಚ್ಚಿಡಲು 33 ಲಕ್ಷ ಡಾಲರ್ ಕೊಡಲು ಬಂದರೆಂದು ಪ್ರಧಾನಿ ಲೀ ಕ್ವಾನ್ ಯೂ ಹೇಳಿದರು. ಅವರು ಅದನ್ನು ಮುಟ್ಟಲಿಲ್ಲ. ಅದರ ಹತ್ತು ಪಟ್ಟು ಹಣವನ್ನು ಅಧಿಕೃತ ನೆರವಾಗಿ, ದೇಶದ ಖಾತೆಗೇ ಕೊಡಿ ಎಂದರು! 1965ರಲ್ಲಿ ಅವರು ಇದನ್ನು ಬಯಲು ಮಾಡಿದಾಗ ಅಮೆರಿಕ ಸಾರಾಸಗಟಾಗಿ ನಿರಾಕರಿಸಿತು. ಆಗ ಲೀ, ವಿದೇಶಾಂಗ ಕಾರ್ಯದರ್ಶಿ ಡೀನ್ ರಸ್ಕ್ 1961ರ ಏಪ್ರಿಲ್‌ನಲ್ಲಿ ಕ್ಷಮೆ ಕೋರಿ ಬರೆದಿದ್ದ ಪತ್ರವನ್ನು ಹೊರಗಿಟ್ಟರು. ಲೆಕ್ಕಪತ್ರದವರಾದ ನಮಗೆ ಈ ಭಾಗ ಬಲು ಇಷ್ಟ. ವೋಚರ್ ಇಟ್ಟುಕೊಂಡವರ ಮುಂದೆ ಯಾರ ವಾದವೂ ನಿಲ್ಲುವುದಿಲ್ಲ.

1988ರಲ್ಲಿ ವಿರೋಧ ಪಕ್ಷದಿಂದ ಸ್ಪರ್ಧಿಸಲು ವಕೀಲರನ್ನು ಹುರಿದುಂಬಿಸಿದರೆಂದು ಅಮೆರಿಕದ ರಾಜತಾಂತ್ರಿಕರೊಬ್ಬರನ್ನು ಹೊರಹಾಕಲಾಯಿತು. ಅಮೆರಿಕವೂ ಸಿಂಗಪುರದ ರಾಜತಾಂತ್ರಿಕರೊಬ್ಬರನ್ನು ವಾಪಸ್ ಕಳಿಸಿತು.

ಈಗ ಗಾಳಿ ಇನ್ನೊಂದು ದಿಕ್ಕಿನಿಂದಲೂ ಬೀಸುತ್ತಿದೆ. ಚೀನಾ ಮೂಲದ, ಅಮೆರಿಕದ ಪೌರತ್ವ ಹೊಂದಿದ್ದ ಪ್ರಾಧ್ಯಾಪಕ ಹುವಾಂಗ್ ಜಿಂಗ್ ಅವರ ಪಿಆರ್ 2017ರಲ್ಲಿ ರದ್ದಾಯಿತು. ವಿದೇಶವೊಂದರ ಪರ ಪ್ರಭಾವ ಬೀರಲು ಯತ್ನಿಸಿದರು ಎಂಬುದು ಆರೋಪ, ಅವರು ಅಲ್ಲಗಳೆದರು. ಯಾವ ದೇಶವೆಂದು ಸರ್ಕಾರ ಹೇಳಲೇ ಇಲ್ಲ. 2020ರಲ್ಲಿ ಸಿಂಗಪುರದ ಡಿಕ್ಸನ್ ಯೋ, ಚೀನಾದ ಗುಪ್ತಚರರಿಗಾಗಿ ಕೆಲಸ ಮಾಡಿದ್ದಾಗಿ ಅಮೆರಿಕದ ನ್ಯಾಯಾಲಯದಲ್ಲಿ ಒಪ್ಪಿಕೊಂಡರು.

2021ರ ಅಕ್ಟೋಬರ್‌ನಲ್ಲಿ ವಿದೇಶಿ ಹಸ್ತಕ್ಷೇಪ ತಡೆ ಕಾನೂನು ಬಂತು. ಪರ 75, ವಿರೋಧ 11 ಮತ. ಸಚಿವರ ಕೈಗೆ ಇಷ್ಟು ಅಧಿಕಾರ ಕೊಟ್ಟು, ಕೋರ್ಟಿನ ಬಾಗಿಲು ಬಹುಪಾಲು ಮುಚ್ಚಿದ್ದು ಸರಿಯೇ ಎಂದು ವಿರೋಧ ಪಕ್ಷ ಕೇಳಿತು. ನಮಗೂ ಆ ಪ್ರಶ್ನೆ ನ್ಯಾಯವೆನಿಸುತ್ತದೆ. ಆದರೆ ಬೆಂಗಳೂರಿಗಿಂತ ಹೆಚ್ಚೇನೂ ದೊಡ್ಡದಲ್ಲದ ಈ ದೇಶಕ್ಕೆ ದೊಡ್ಡವರ ಜಗಳದಲ್ಲಿ ಸಿಕ್ಕಿಕೊಳ್ಳುವ ಭಯವೂ ಸುಳ್ಳಲ್ಲ.

2025ರ ಏಪ್ರಿಲ್‌ನಲ್ಲಿ, ಮತದಾನಕ್ಕೆ ವಾರವಷ್ಟೇ ಇದ್ದಾಗ, ವಿದೇಶಿಯರ ಪೋಸ್ಟ್‌ಗಳನ್ನು ತಡೆಯುವಂತೆ ಸರ್ಕಾರ ಮೆಟಾ ಕಂಪನಿಗೆ ಆದೇಶಿಸಿತು. ಅವುಗಳಲ್ಲಿ ನೆರೆಯ ಮಲೇಷ್ಯಾದ ರಾಜಕಾರಣಿಗಳ ಪೋಸ್ಟ್‌ಗಳೂ ಇದ್ದವು.

ಹಾಗಾಗಿ ಊರಿನಲ್ಲಿರುವ ಅಪ್ಪ, ಅಮ್ಮ, ಅಣ್ಣ, ತಮ್ಮಂದಿರಲ್ಲಿ ಒಂದು ವಿನಂತಿ. ಇಲ್ಲಿನ ಪಕ್ಷಗಳ ವಿಡಿಯೊ ನೋಡಿ, ಮನೆಯಲ್ಲಿ ಎಷ್ಟು ಬೇಕಾದರೂ ಚರ್ಚಿಸಿ. ಅದಕ್ಕೆ ನಮ್ಮ ಹೆಸರು ಟ್ಯಾಗ್ ಮಾಡಬೇಡಿ.