ಊಟದ ಶಕ್ತಿಯ ಲೆಕ್ಕ

ಆಹಾರದಿಂದ ದೊರೆಯುವ ಶಕ್ತಿಯನ್ನು ಕಿಲೊಕ್ಯಾಲೊರಿಗಳಲ್ಲಿ ಅಳೆಯುತ್ತಾರೆ. ಆಡುಮಾತಿನ ‘ಕ್ಯಾಲೊರಿ’ ಇದೇ. ಒಂದು ಗ್ರಾಂ ಶರ್ಕರಪಿಷ್ಟವಾಗಲಿ ಸಸಾರಜನಕವಾಗಲಿ ಸುಮಾರು 4 ಕ್ಯಾಲೊರಿಗಳನ್ನೂ, ಒಂದು ಗ್ರಾಂ ಕೊಬ್ಬು ಸುಮಾರು 9 ಕ್ಯಾಲೊರಿಗಳನ್ನೂ ಕೊಡುತ್ತದೆ.

ಆದರೆ ಇನ್ನೊಬ್ಬರು ಮಾಡಿ ಬಡಿಸಿದ ಊಟದ ಶಕ್ತಿಯನ್ನು ತಿಳಿಯುವುದೆಂತು? ಮುದ್ದೆಯನ್ನು ತೂಗಿದರೆ ಸಾಲದು. ಅದರಲ್ಲಿ ನೀರೂ ಸೇರಿದೆ, ನೀರಿನಲ್ಲಿ ಕ್ಯಾಲೊರಿಯಿಲ್ಲ. ಹಿಟ್ಟೆಷ್ಟು, ಎಣ್ಣೆಯೆಷ್ಟು, ಉಣ್ಣುವವರೆಷ್ಟು ಎಂದು ಅಡುಗೆ ಮಾಡಿದವರನ್ನೇ ಕೇಳಬೇಕು. 400 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 1,300 ಕ್ಯಾಲೊರಿಗಳಿರುತ್ತವೆ. ಅದರಿಂದ 4 ಸಮನಾದ ಮುದ್ದೆಗಳನ್ನು ಕಟ್ಟಿದರೆ ಒಂದೊಂದಕ್ಕೆ ಸುಮಾರು 325. ಒಗ್ಗರಣೆಯ ಎಣ್ಣೆಯಾದರೋ ಸಾರಿನಲ್ಲಿ ಅಡಗಿ ಲೆಕ್ಕವನ್ನು ತಪ್ಪಿಸುತ್ತದೆ. ಒಂದು ಚಹಾ ಚಮಚ ಎಣ್ಣೆಯಲ್ಲೇ ಸುಮಾರು 40 ಕ್ಯಾಲೊರಿಗಳಿವೆ.

ಈ ಅಂದಾಜು ಸ್ಥೂಲವಾದುದು ನಿಜ. ಆದರೂ ಬೆಳೆಯುವ ಮಗುವಿಗೆ ಊಟ ಸಾಲುತ್ತಿದೆಯೇ, ಪಥ್ಯದಲ್ಲಿರುವವರಿಗೆ ಮಿತಿ ಮೀರುತ್ತಿದೆಯೇ ಎಂಬುದನ್ನು ಅರಿಯಲು ಅದು ನೆರವಾಗುತ್ತದೆ.