ತಡ ಆಗಿದ್ದು ಎಲ್ಲಿ?

ನಮ್ಮ ಕಡೆ ಇಂಟರ್ನೆಟ್ಟಿನ ಎಲ್ಲ ಕಾಯಿಲೆಗೂ ಒಂದೇ ಹೆಸರು: ಸರ್ವರ್ ಪ್ರಾಬ್ಲಮ್. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒಪ್ಪದಿದ್ದರೂ ಅದೇ, ಪಹಣಿ ಸಿಗದಿದ್ದರೂ ಅದೇ. ಹುಬ್ಬಳ್ಳಿಯಲ್ಲಿ ಕೂತು ಸಣ್ಣ ವ್ಯಾಪಾರಿಗಳ ವೆಬ್‌ಸೈಟ್ ನೋಡಿಕೊಳ್ಳುವ ನನಗೆ ಬರುವ ಫೋನುಗಳೂ ಹೀಗೇ ಶುರುವಾಗುತ್ತವೆ. ಆನ್‌ಲೈನಿನಲ್ಲಿ ಖಾರದಪುಡಿ ಮಾರುವ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಕೇಳಿದ್ದೂ ಇದನ್ನೇ: “ಸರ್, ಸೈಟ್ ಲಗೂ ಓಪನ್ ಆಗವಲ್ದುರೀ. ಸರ್ವರ್ ಡೌನ್ ಆಗೇತೇನ್ರೀ?”

ಡೌನ್ ಆಗಿದ್ದರೆ ಏನೂ ಬರುತ್ತಿರಲಿಲ್ಲ. ಬರುತ್ತಿತ್ತು, ಆದರೆ ತಡವಾಗಿ. ಇಂಥ ಹೊತ್ತಿನಲ್ಲಿ ನಾನು ಟರ್ಮಿನಲ್ ತೆರೆದು ‘ಎಚ್‌ಟಿಟಿಪಿಸ್ಟ್ಯಾಟ್’ ಎಂದು ಟೈಪ್ ಮಾಡಿ, ಪಕ್ಕದಲ್ಲಿ ಸೈಟಿನ ವಿಳಾಸ ಹಾಕಿ ಎಂಟರ್ ಒತ್ತುತ್ತೇನೆ. ಕಪ್ಪು ಪರದೆಯ ಮೇಲೆ ಐದು ಖಾನೆಗಳು ಸಾಲಾಗಿ ಮೂಡುತ್ತವೆ. ಒಂದೊಂದರಲ್ಲೂ ಇಷ್ಟು ಮಿಲಿಸೆಕೆಂಡು ಎಂಬ ಲೆಕ್ಕ. ಖಾನೆಯ ಗೆರೆಗಳೂ ಕೀಬೋರ್ಡಿನ ಚಿಹ್ನೆಗಳಿಂದಲೇ ಎಳೆದವು.

ಇದರ ಬೆನ್ನಿಗಿರುವುದು ಕರ್ಲ್. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಆ ಹೆಸರಿನಿಂದ ಬಿಡುಗಡೆ ಮಾಡಿದ ಪ್ರೋಗ್ರಾಂ. ಮೊದಲಿಗೆ ಅವರಿಗೆ ಬೇಕಿದ್ದದ್ದು ವಿದೇಶಿ ಹಣದ ವಿನಿಮಯ ದರ ತಂದುಕೊಡುವ ಒಂದು ಸಾಧನ ಅಷ್ಟೇ. ಕೇಳಿದರೆ ಕರ್ಲ್ ಸಮಯದ ಲೆಕ್ಕವನ್ನೂ ಕೊಡುತ್ತದೆ. ಆದರೆ ಎಲ್ಲ ಅಂಕಿಗಳೂ ಸೊನ್ನೆಯಿಂದ ಎಣಿಸಿದವು, ಒಂದರಿಂದ ಇನ್ನೊಂದನ್ನು ನಾವೇ ಕಳೆಯುತ್ತ ಕೂರಬೇಕು. 2016ರಲ್ಲಿ ರಿಯಾರ್ಕ್ಸ್ ಎಂಬ ಹೆಸರಿನ ಪ್ರೋಗ್ರಾಮರ್ ಆ ಕಳೆಯುವ ಲೆಕ್ಕವನ್ನು ಪೈಥಾನಿನ ಒಂದೇ ಫೈಲಿಗೆ ವಹಿಸಿಬಿಟ್ಟರು; ಎಚ್‌ಟಿಟಿಪಿಸ್ಟ್ಯಾಟ್ ಅಂದರೆ ಆ ಫೈಲೇ. ಅದೇ ವರ್ಷ ಡೇವ್ ಚೆನಿ ಗೋ ಭಾಷೆಯಲ್ಲಿ ಇದೇ ಮಾದರಿಯದನ್ನು ಬರೆದರು.

ಬ್ಯಾಡಗಿಯವರ ಸೈಟಿಗೆ ಬಂದ ಅಂಕಿಗಳು ಹೀಗಿದ್ದವು. ಮೊದಲ ಖಾನೆ, ಡಿಎನ್‌ಎಸ್: 12 ಮಿಲಿಸೆಕೆಂಡು. ಸೈಟಿನ ಹೆಸರು ಕೊಟ್ಟು ಅದರ ಐಪಿ ವಿಳಾಸ ಪಡೆಯುವ ಕೆಲಸ; ಇಲ್ಲಿ ತಕರಾರಿಲ್ಲ. ಎರಡನೆಯದು ಟಿಸಿಪಿ ಸಂಪರ್ಕ: 236. ಫೋನಿನಲ್ಲಿ “ಹಲೋ, ಕೇಳಸ್ತದೇನು?” “ಕೇಳಸ್ತದ, ನಿಮಗ?” ಎಂದು ಖಾತ್ರಿ ಮಾಡಿಕೊಳ್ಳುವ ಹಾಗೆ, ಮಾತಿಗೆ ಮುಂಚಿನ ಒಂದು ಸುತ್ತು. ಮೂರನೆಯದು ಗುಪ್ತಲಿಪಿಯ ಒಪ್ಪಂದ, ಅಂದರೆ ಟಿಎಲ್‌ಎಸ್: 241. ನಾಲ್ಕನೆಯದು ಸರ್ವರಿನ ಕೆಲಸ: 1,480. ಕೊನೆಯದು ಪುಟ ಇಳಿದುಬರುವುದು: 231. ಒಟ್ಟು 2.2 ಸೆಕೆಂಡು.

ಮೇಲ್ನೋಟಕ್ಕೆ ನಾಲ್ಕನೆಯ ಖಾನೆಯೇ ಕಳ್ಳ. ಆದರೆ ನನ್ನ ಕಣ್ಣು ಮೊದಲು ಹೋದದ್ದು 236ರ ಮೇಲೆ. ಆ ಖಾನೆಯಲ್ಲಿ ಸರ್ವರಿಗೆ ಹೆಚ್ಚೇನೂ ಕೆಲಸವಿಲ್ಲ, ಅಲ್ಲಿರುವುದು ಬರೀ ದೂರ. ವಿಚಾರಿಸಿದರೆ ಸೈಟ್ ಇದ್ದದ್ದು ಅಮೆರಿಕದ ವರ್ಜೀನಿಯಾದಲ್ಲಿ. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಇಲ್ಲಿಂದ ವರ್ಜೀನಿಯಾ ನೇರ ಗೆರೆಯಲ್ಲೇ 13,000 ಕಿಲೋಮೀಟರಿಗೂ ಹೆಚ್ಚು. ಹೋಗಿಬರಲು 130 ಮಿಲಿಸೆಕೆಂಡು ಹೇಗೂ ಬೇಕು. ಸಮುದ್ರದಡಿಯ ಕೇಬಲ್ಲುಗಳು ನೇರ ಗೆರೆಯಲ್ಲಿ ಹೋಗುವುದೂ ಇಲ್ಲ. ಎಷ್ಟು ದುಡ್ಡು ಸುರಿದು ದೊಡ್ಡ ಸರ್ವರ್ ಕೊಂಡರೂ ಇದು ಕರಗುವ ತಡವಲ್ಲ.

ಈ ಪ್ರಯಾಣ ಎರಡನೇ ಖಾನೆಯಲ್ಲಿ ಮುಗಿಯುವುದೂ ಇಲ್ಲ. ಟಿಎಲ್‌ಎಸ್ 1.3ಕ್ಕೆ ಮತ್ತೊಂದು ಸುತ್ತು, ಹಳೆಯ 1.2 ಆಗಿದ್ದರೆ ಎರಡು. ‘ಸರ್ವರಿನ ಕೆಲಸ’ ಎಂಬ ಖಾನೆಯಲ್ಲೂ ಕೋರಿಕೆ ಹೋಗಿ ಉತ್ತರದ ಮೊದಲ ತುಣುಕು ಬರುವವರೆಗಿನ ಸುತ್ತು ಅಡಗಿದೆ. ಈ ಖಾನೆಯ ಹೆಸರಿನಲ್ಲಿ ಸರ್ವರಿಗೆ ತುಸು ಅನ್ಯಾಯವಾಗಿದೆ ಎಂದೇ ನನ್ನ ಅಭಿಪ್ರಾಯ. 1,480ರಲ್ಲಿ 236 ಕಳೆದರೆ ಅದರ ನಿಜವಾದ ಪಾಲು 1,240ರ ಆಸುಪಾಸು.

ಗಿರಾಕಿಗಳೆಲ್ಲ ಇಲ್ಲಿಯವರೇ ಆದ್ದರಿಂದ ಸೈಟನ್ನು ಮುಂಬೈಗೆ ತಂದೆವು. ಟಿಸಿಪಿ ಖಾನೆ 30ರ ಹತ್ತಿರಕ್ಕೆ ಇಳಿಯಿತು. ಉಳಿದದ್ದು ಸರ್ವರ್. ‘ಹೆಚ್ಚು ಮಾರಾಟವಾದವು’ ಎಂಬ ಪಟ್ಟಿ ತೋರಿಸಲು ಮುಖಪುಟ ಪ್ರತಿ ಸಲವೂ ಹಳೆಯ ಆರ್ಡರುಗಳನ್ನೆಲ್ಲ ಮೊದಲಿಂದ ಎಣಿಸುತ್ತಿತ್ತು! ಗಂಟೆಗೊಮ್ಮೆ ಎಣಿಸಿ ಇಟ್ಟುಕೊಳ್ಳುವಂತೆ ಮಾಡಿದ ಮೇಲೆ ಅದೂ ತಣ್ಣಗಾಯಿತು. ವಿವರಿಸಿದೆ. “ಅಂದ್ರ ಅರ್ಧಕ್ಕರ್ಧ ನಾ ಹೇಳಿದ್ದ ಖರೆ ಆತಲ್ರೀ” ಎಂದರು. ಲೆಕ್ಕದ ಪ್ರಕಾರ ಅರ್ಧಕ್ಕಿಂತ ಹೆಚ್ಚೇ ಖರೆ, ಬಾಯಿಬಿಟ್ಟು ಹೇಳಲಿಲ್ಲ.

ಎಚ್‌ಟಿಟಿಪಿಸ್ಟ್ಯಾಟ್ ಬಳಸುವವರಿಗೆ ಎರಡು ಮಾತು. ಒಂದೇ ಸಲ ಓಡಿಸಿ ತೀರ್ಪು ಕೊಡಬೇಡಿ. ಮೊದಲ ಸಲದ ಡಿಎನ್‌ಎಸ್ ಉತ್ತರವನ್ನು ಸಿಸ್ಟಮ್ಮೋ ರೂಟರ್ರೋ ನೆನಪಿಟ್ಟುಕೊಂಡಿದ್ದರೆ ಎರಡನೇ ಸಲ ಆ ಖಾನೆ ಬಹುತೇಕ ಖಾಲಿ. ಮತ್ತೆ, ನನ್ನ ಮೇಜಿನ ಮೇಲೆ ಬರುವ ಅಂಕಿ ಹುಬ್ಬಳ್ಳಿಯ ಬ್ರಾಡ್‌ಬ್ಯಾಂಡಿನದು, ಮೊಬೈಲಿನಲ್ಲಿ ನೋಡುವ ಗಿರಾಕಿಯದಲ್ಲ.

ಇನ್ನೊಂದು ಕೊರತೆ ದೊಡ್ಡದು. ಈ ಸಾಧನ ಅಳೆಯುವುದು ಒಂದೇ ಕೋರಿಕೆಯನ್ನು. ಪುಟ ಬಂದ ಮೇಲೆ ಅದರ ಹಿಂದೆ ಇಳಿಯುವ ಚಿತ್ರ, ಸ್ಕ್ರಿಪ್ಟುಗಳ ಲೆಕ್ಕ ಇದಕ್ಕಿಲ್ಲ, ಅದಕ್ಕೆ ಬ್ರೌಸರಿನ ನೆಟ್‌ವರ್ಕ್ ಟ್ಯಾಬನ್ನೇ ತೆರೆಯಬೇಕು. ತೆರೆದೆ. ಮೆಣಸಿನಕಾಯಿಯ ಫೋಟೊಗಳು ಒಂದೊಂದೂ 4 ಎಂಬಿ. ಸಣ್ಣದು ಮಾಡೋಣ ಎಂದರೆ, ಬ್ಯಾಡಗಿ ಮೆಣಸಿನಕಾಯಿ ಮಾರುವುದೇ ಬಣ್ಣದ ಮೇಲೆ, ಕೆಂಪು ಮಾಸಿದರೆ ಯಾರು ಕೊಳ್ಳುತ್ತಾರೆ ಎಂದು ಮಾಲೀಕರು ಇನ್ನೂ ಒಪ್ಪಿಲ್ಲ.